ಕುರಿ ತಲೆಯಿಂದ ಡಲ್ಲಾಸಿನ ಫ್ರಿಜ್ಜಿನವರೆಗೆ

ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು ಈಗ ಡಲ್ಲಾಸಿನಲ್ಲಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ. ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಬಾಟಲಿ ಪಕ್ಕ, ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಸೀಸೆ. ಲೇಬಲ್ಲಿನ ಮೇಲೆ ಸರ್ಮೊರೆಲಿನ್ ಅಂತಿತ್ತು. ಕೆಳಗೆ ಅವನ ಮೆಸೇಜು: "ಡಾಕ್ಟ್ರೇ ಬರ್ಕೊಟ್ಟಿದ್ದು ಕಣೋ. ಸುಸ್ತಿಗೆ. ರಾತ್ರಿ ಮಲಗೋ ಮುಂಚೆ ಹೊಟ್ಟೆಗೆ ಚುಚ್ಕೋಬೇಕಂತೆ. ಸೇಫಾ ನೋಡಿ ಹೇಳು."

ನಾನು ಡಾಕ್ಟರಲ್ಲ, ಬಿಇ ಮಾಡಿದವನು. ಆದರೆ ಯಾರದೋ ಕೋಡ್ ಕೈಗೆ ಬಂದರೆ ಮೊದಲು ಅದರ ಹಿಸ್ಟರಿ ತೆಗೆದು ನೋಡೋದು ನನ್ನ ಚಟ. ಮದ್ದಿಗೂ ಅದನ್ನೇ ಮಾಡಿದೆ. ಎರಡು ವೀಕೆಂಡು ಹೋದವು.

ಕಥೆ ಶುರುವಾಗೋದು ಬೆಳವಣಿಗೆ ಹಾರ್ಮೋನಿನಿಂದ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅನ್ನೋ ಕಡಲೆಕಾಳಿನಷ್ಟು ಗ್ರಂಥಿ ಅದನ್ನು ಸುರಿಸುತ್ತದೆ. ಕೆಲವು ಮಕ್ಕಳಲ್ಲಿ ಸುರಿಸುವುದಿಲ್ಲ, ಅವರು ಕುಳ್ಳಗೇ ಉಳಿಯುತ್ತಾರೆ. 1958ರಲ್ಲಿ ಅಮೆರಿಕದ ಮಾರಿಸ್ ರೇಬನ್ ಎಂಬ ವೈದ್ಯ, ಸತ್ತವರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನು ಕೊಟ್ಟು 17 ವರ್ಷದ ಹುಡುಗನೊಬ್ಬನ ಎತ್ತರ ಹೆಚ್ಚಿಸಿದ್ದನ್ನು ವರದಿ ಮಾಡಿದರು. ಆಮೇಲೆ ಶವಾಗಾರಗಳಿಂದ ಗ್ರಂಥಿ ಕೂಡಿಸಿ ಹಾರ್ಮೋನು ತೆಗೆಯಲು ಸರ್ಕಾರದ ದುಡ್ಡಲ್ಲೇ ಏಜೆನ್ಸಿ ನಡೆಯಿತು. ಅಮೆರಿಕದಲ್ಲಿ ಸುಮಾರು 7,700 ಜನಕ್ಕೆ ಆ ಮದ್ದು ಸಿಕ್ಕಿತು. ಅಪ್ಪ ಅಮ್ಮಂದಿರಿಗೆ ಅದು ದೇವರ ಪ್ರಸಾದದ ಹಾಗಿತ್ತು.

1985ರಲ್ಲಿ ಗೊತ್ತಾಯಿತು, ಆ ಪ್ರಸಾದದಲ್ಲಿ ವಿಷವೂ ಇತ್ತು ಅಂತ. ಚಿಕ್ಕಂದಿನಲ್ಲಿ ಇಂಜೆಕ್ಷನ್ ತಗೊಂಡಿದ್ದ ಕೆಲವು ಯುವಕರು ಮೆದುಳು ಸ್ಪಂಜಿನ ಹಾಗೆ ತೂತಾಗುವ ಕ್ರಾಯ್ಟ್ಸ್‌ಫೆಲ್ಟ್-ಜೇಕಬ್ ರೋಗದಿಂದ ಸತ್ತಿದ್ದರು. ಯಾವುದೋ ಶವದಲ್ಲಿದ್ದ ರೋಗ ಗ್ರಂಥಿಯ ಜೊತೆ ಬಂದು, ವರ್ಷಗಟ್ಟಲೆ ಸದ್ದಿಲ್ಲದೆ ಕೂತಿತ್ತು. ಫ್ರಾನ್ಸಿನಲ್ಲಿ ಇದರಿಂದ ಸತ್ತವರು ನೂರಕ್ಕೂ ಹೆಚ್ಚು. ವಿತರಣೆ ನಿಂತಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬ್ಯಾಕ್ಟೀರಿಯಾದೊಳಗೆ ತಯಾರಿಸಿದ ಹಾರ್ಮೋನಿಗೆ ಒಪ್ಪಿಗೆ ಸಿಕ್ಕಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೊಟ್ಟವರಾರೂ ಕಳ್ಳರಲ್ಲ, ಎಲ್ಲ ಒಳ್ಳೇ ಡಾಕ್ಟರುಗಳೇ.

ಇನ್ನೊಂದು ಕಡೆ ಬೇರೆಯದೇ ಹುಡುಕಾಟ ನಡೆದಿತ್ತು. ಪಿಟ್ಯುಟರಿಗೆ "ಈಗ ಸುರಿಸು" ಅಂತ ಹೇಳುವವರು ಯಾರು? ಅದರ ಮೇಲಿರುವ ಹೈಪೋಥಲಾಮಸ್ಸೇ ಇರಬೇಕು, ಅಲ್ಲಿಂದ ಯಾವುದೋ ರಾಸಾಯನಿಕ ಸಂದೇಶ ಇಳಿಯುತ್ತಿರಬೇಕು ಅಂತ ಊಹೆ. ರೋಜರ್ ಗಿಲ್ಮಾ ಎಂಬ ವಿಜ್ಞಾನಿ ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ಕುರಿ ಮೆದುಳಿನ ಚೂರು ತರಿಸಿ ಅರೆದರು. ಅಂಥದೇ ಇನ್ನೊಂದು ಹಾರ್ಮೋನು, ಥೈರಾಯಿಡಿಗೆ ಸಂಬಂಧಿಸಿದ್ದು, ಒಂದು ಮಿಲಿಗ್ರಾಂ ಸಿಗಲು ಸುಮಾರು ಮೂರು ಲಕ್ಷ ಕುರಿ ಬೇಕಾದವು. ನಮ್ಮ ಶಿರಾ ಕಡೆ ಹಬ್ಬದಲ್ಲಿ ಕುರಿ ತಲೆ ಸುಟ್ಟು, ಮಿದುಳನ್ನು ಮೆಣಸು ಹಾಕಿ ಹುರಿಯುತ್ತಾರೆ. ನಮ್ಮಜ್ಜಿಗೆ ಈ ಲೆಕ್ಕ ಹೇಳಿದ್ದರೆ "ಅಷ್ಟೂ ದಂಡ ಮಾಡಿದ್ರಾ" ಅಂತಿದ್ದಳು.

ತಮಾಷೆ ಏನೆಂದರೆ, ಬೆಳವಣಿಗೆ ಹಾರ್ಮೋನನ್ನು ಬಿಡಿಸುವ ಸಂದೇಶ ಹುಡುಕುತ್ತಿದ್ದ ಗಿಲ್ಮಾರ ತಂಡಕ್ಕೆ 1973ರಲ್ಲಿ ಸಿಕ್ಕಿದ್ದು ಅದನ್ನು ತಡೆಯುವ ಸಂದೇಶ, ಸೊಮಾಟೊಸ್ಟಾಟಿನ್. ಆಕ್ಸಿಲರೇಟರ್ ಹುಡುಕಲು ಹೋಗಿ ಬ್ರೇಕ್ ಸಿಕ್ಕಿತ್ತು. ಆಕ್ಸಿಲರೇಟರ್ ಕೊನೆಗೆ ಸಿಕ್ಕಿದ್ದು 1982ರಲ್ಲಿ, ಅದೂ ಮೆದುಳಿನಲ್ಲಲ್ಲ, ಮೇದೋಜ್ಜೀರಕದ ಗೆಡ್ಡೆಯಲ್ಲಿ. ಅತಿಯಾಗಿ ಕೈಕಾಲು ದಪ್ಪವಾಗುವ ಕಾಯಿಲೆಯಿದ್ದ ವರ್ಜೀನಿಯಾದ ಯುವತಿಯೊಬ್ಬಳಿಗೆ ಪಿಟ್ಯುಟರಿ ಆಪರೇಷನ್ ಮಾಡಿದರೂ ವಾಸಿಯಾಗಿರಲಿಲ್ಲ. ಹುಡುಕಿದರೆ ತಪ್ಪಿತಸ್ಥ ಹೊಟ್ಟೆಯ ಗೆಡ್ಡೆ. ಆ ಗೆಡ್ಡೆಯಿಂದ ವೈಲಿ ವೇಲ್ ತಂಡ, ಫ್ರಾನ್ಸಿನ ಇನ್ನೊಬ್ಬ ರೋಗಿಯ ಗೆಡ್ಡೆಯಿಂದ ಗಿಲ್ಮಾ ತಂಡ ಹೆಚ್ಚುಕಮ್ಮಿ ಒಟ್ಟಿಗೇ ಅದನ್ನು ಹೊರತೆಗೆದವು. ಇಬ್ಬರೂ ಕ್ಯಾಲಿಫೋರ್ನಿಯಾದ ಒಂದೇ ಸಂಸ್ಥೆಯವರು.

ಅದು 44 ಅಮೈನೋ ಆಮ್ಲಗಳ ಸರಪಳಿ. ಮೊದಲ 29 ಇದ್ದರೆ ಸಾಕು, ಕೆಲಸ ನಡೆಯುತ್ತೆ. ಆ 29ರ ತುಂಡೇ ಸರ್ಮೊರೆಲಿನ್, ನನ್ನ ಗೆಳೆಯನ ಫ್ರಿಜ್ಜಿನಲ್ಲಿದ್ದದ್ದು. ಲ್ಯಾಬಿನಲ್ಲಿ ಕಟ್ಟಿದ್ದರಿಂದ ಶವದ ಭಯವಿಲ್ಲ. ರಕ್ತದಲ್ಲಿ ಹನ್ನೊಂದು ಹನ್ನೆರಡು ನಿಮಿಷಕ್ಕೆ ಅರ್ಧ ಕರಗುತ್ತೆ. ಹಾರ್ಮೋನನ್ನು ನೇರ ಚುಚ್ಚದೆ ನಮ್ಮದೇ ಪಿಟ್ಯುಟರಿಯನ್ನು ತಟ್ಟಿ ಎಬ್ಬಿಸುವುದರಿಂದ ಮೈಯೊಳಗಿನ ಬ್ರೇಕೂ ಕೆಲಸ ಮಾಡುತ್ತಿರುತ್ತದೆ. ಕ್ಲಿನಿಕ್ಕಿನವರು "ನ್ಯಾಚುರಲ್" ಅನ್ನೋದು ಇದನ್ನೇ. ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ.

ಯಾಕೆಂದರೆ ಅಮೆರಿಕದ ಎಫ್‌ಡಿಎ 1997ರಲ್ಲಿ ಗೆರೆಫ್ ಹೆಸರಿನಲ್ಲಿ ಇದನ್ನು ಚಿಕಿತ್ಸೆಗೆ ಒಪ್ಪಿದ್ದು ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ. ಮೂವತ್ತಾರರ ಸುಸ್ತಿಗಲ್ಲ. 2008ರಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ಹಿಂತೆಗೆದದ್ದು ಸುರಕ್ಷತೆಯ ಕಾರಣಕ್ಕಲ್ಲ ಅಂತ 2013ರಲ್ಲಿ ಎಫ್‌ಡಿಎ ಹೇಳಿತು. ಈಗ ಸಿಗುವುದು, ಚೀಟಿ ನೋಡಿ ಬೆರೆಸಿ ಕೊಡುವ ಕಾಂಪೌಂಡಿಂಗ್ ಫಾರ್ಮಸಿಗಳಲ್ಲಿ. ನಮ್ಮೂರ ಡಾಕ್ಟರ ಹತ್ತಿರ ಕೆಂಪು ನೀರು ಬೆರೆಸುತ್ತಿದ್ದ ಕಾಂಪೌಂಡರ್ ನೆನಪಾದ. ಆ ಸೀಸೆಗಳನ್ನು ಮಾರುವ ಮುಂಚೆ ಎಫ್‌ಡಿಎ ಪರೀಕ್ಷೆ ಮಾಡಿರುವುದಿಲ್ಲ. ಇಲ್ಲೇ ನನ್ನ ತಕರಾರು. ಒಂದು ಕಡೆ ಟೆಸ್ಟ್ ಪಾಸಾದ ಕೋಡನ್ನು ಬೇರೆ ಸರ್ವರಿನಲ್ಲಿ, ಬೇರೆ ಡೇಟಾಗೆ ಹಾಕಿ "ಟೆಸ್ಟ್ ಆಗಿದೆ" ಅಂದರೆ ಟೀಮಲ್ಲಿ ಯಾರಾದರೂ ಒಪ್ತಾರಾ?

ಫೋನ್ ಮಾಡಿದೆ. ಚುಚ್ಚಿದ ಜಾಗ ಕೆಂಪಾಗೋದು, ಮುಖ ಬಿಸಿಯಾಗೋದು, ತಲೆನೋವು, ಇವು ಸಾಮಾನ್ಯ ಅಂದೆ. ಥೈರಾಯಿಡ್ ಕಮ್ಮಿಯಿದ್ದರೆ ಮದ್ದು ಸರಿಯಾಗಿ ನಾಟಲ್ಲ, ಕ್ಯಾನ್ಸರ್ ಇದ್ದವರು ಮುಟ್ಟಲೇಬಾರದು ಅಂದೆ. ಬೆಳವಣಿಗೆ ಹಾರ್ಮೋನು ಇನ್ಸುಲಿನ್ನಿಗೆ ಅಡ್ಡಗಾಲು, ಸಕ್ಕರೆ ಏರಬಹುದು ಅಂದಾಗ ಅವನು ಸುಮ್ಮನಾದ.

"ಲೋ, ನಂಗೆ ಎಚ್‌ಬಿಎ1ಸಿ 6.1 ಬಂದಿತ್ತು ಕಣೋ. ಅಪ್ಪಂಗೂ ಶುಗರ್ರು."

"ಅದನ್ನ ಡಾಕ್ಟ್ರು ಕೇಳಿದ್ರಾ?"

"ವಿಡಿಯೊ ಕಾಲು. ಹತ್ತು ನಿಮಿಷ. ನಿದ್ದೆ ಹೆಂಗೆ ಅಂತ ಕೇಳಿದ್ರು."

ಬೇಡ ಅಂತ ನಾನು ಹೇಳಲಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಹಾರ್ಮೋನು ಡಾಕ್ಟರ ಹತ್ತಿರ ಖುದ್ದಾಗಿ ಹೋಗು, ಹಳೇ ರಿಪೋರ್ಟೆಲ್ಲ ತಗೊಂಡು ಹೋಗು, ಸುಸ್ತು ಯಾಕೆ ಅಂತ ಮೊದಲು ಕೇಳು ಅಂದೆ. ಅಪಾಯಿಂಟ್‌ಮೆಂಟ್ ಮೂರು ವಾರಕ್ಕೆ ಸಿಕ್ಕಿದೆ. ಅಲ್ಲಿಯವರೆಗೆ ಚುಚ್ಕೊಳಲ್ಲ ಅಂದಿದ್ದಾನೆ. ಸೀಸೆಯನ್ನು ಅವನ ಹೆಂಡತಿ ಉಪ್ಪಿನಕಾಯಿ ಪಕ್ಕದಿಂದ ತೆಗೆದು, ಮಗು ಕೈಗೆ ಸಿಗದ ಹಾಗೆ, ಫ್ರಿಜ್ಜಿನ ಮೇಲಿನ ತಟ್ಟೆಗೆ ಇಟ್ಟಿದ್ದಾಳಂತೆ.