ಶಿಶುಗಳ ಥರ್ಮಾಮೀಟರ್: ಆಯ್ಕೆ, ಬಳಕೆ ಹಾಗೂ ನಿರ್ವಹಣೆ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಎಳೆಯ ಶಿಶುಗಳಲ್ಲಿ ಸೋಂಕು ಉಂಟಾದಾಗ ಕಾಣಿಸಿಕೊಳ್ಳುವ ಆರಂಭಿಕ ಲಕ್ಷಣಗಳಲ್ಲಿ ದೇಹದ ಉಷ್ಣಾಂಶದ ಏರುಪೇರು ಮುಖ್ಯವಾದುದು. ದೊಡ್ಡವರಲ್ಲಿ ಒಂದೆರಡು ದಿನ ಕಾದು ನೋಡಬಹುದಾದ ಜ್ವರವು ಎರಡು ತಿಂಗಳೊಳಗಿನ ಮಗುವಿನಲ್ಲಿ ಪ್ರಾಣಾಪಾಯದ ಸೂಚನೆಯಾಗಿರಬಹುದು. ಅಂತೆಯೇ ಮೈ ತಣ್ಣಗಾಗುವುದೂ ಅಷ್ಟೇ ಗಂಭೀರವಾದ ಲಕ್ಷಣವಾಗಿರುತ್ತದೆ.

ಹಣೆ ಅಥವಾ ಹೊಟ್ಟೆಯನ್ನು ಮುಟ್ಟಿ ಜ್ವರವನ್ನು ಅಂದಾಜಿಸುವುದು ಮನೆಗಳಲ್ಲಿ ರೂಢಿಯಲ್ಲಿದೆ. ಮುಟ್ಟುವವರ ಕೈ ತಣ್ಣಗಿದ್ದಲ್ಲಿ ಮಗುವಿನ ಮೈ ಬಿಸಿಯಾಗಿಯೂ, ಕೈ ಬೆಚ್ಚಗಿದ್ದಲ್ಲಿ ಮೈ ಸಹಜವಾಗಿಯೂ ತೋರುತ್ತದೆ. ಅರ್ಧ ಡಿಗ್ರಿಯ ವ್ಯತ್ಯಾಸವನ್ನು ಅಂಗೈಯಿಂದ ತಿಳಿಯಲು ಸಾಧ್ಯವಿಲ್ಲ. ಆದುದರಿಂದ ಶಿಶುವಿರುವ ಪ್ರತಿ ಮನೆಯಲ್ಲಿಯೂ ವಿಶ್ವಾಸಾರ್ಹವಾದ ಒಂದು ಥರ್ಮಾಮೀಟರ್ ಇರುವುದು ಸೂಕ್ತ.

2. ಥರ್ಮಾಮೀಟರ್‌ಗಳ ವಿಧಗಳು

ಅ) ಡಿಜಿಟಲ್ ಥರ್ಮಾಮೀಟರ್: ತುದಿಯಲ್ಲಿ ಲೋಹದ ಸಂವೇದಕವಿದ್ದು, ಅಳತೆ ಮುಗಿದ ನಂತರ ಬೀಪ್ ಶಬ್ದ ಮಾಡುತ್ತದೆ. ಕಂಕುಳಿನಲ್ಲಿ ಇಟ್ಟು ನೋಡಲು ಇದು ಅನುಕೂಲಕರ ಹಾಗೂ ಕಡಿಮೆ ವೆಚ್ಚದ್ದಾಗಿದೆ. ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಗೃಹಭೇಟಿಯಲ್ಲಿ ಬಳಸುವುದೂ ಇದನ್ನೇ. ಬಾಗುವ ತುದಿಯುಳ್ಳ ಮಾದರಿಯು ಶಿಶುಗಳಿಗೆ ಹೆಚ್ಚು ಸುರಕ್ಷಿತ.

ಆ) ಹಣೆಯ ಇನ್ಫ್ರಾರೆಡ್ ಥರ್ಮಾಮೀಟರ್: ಚರ್ಮದಿಂದ ಹೊಮ್ಮುವ ಶಾಖವನ್ನು ಅಳೆಯುತ್ತದೆ. ಬೆವರು, ಹಣೆಗೆ ಹಚ್ಚಿದ ಎಣ್ಣೆ ಅಥವಾ ಕಾಡಿಗೆ ಹಾಗೂ ಬೀಸುವ ಗಾಳಿಯಿಂದ ಅಳತೆ ತಪ್ಪಬಹುದು. ಕೋವಿಡ್ ಸಾಂಕ್ರಾಮಿಕದ ಅವಧಿಯಲ್ಲಿ ಅಂದರೆ 2020 ಮತ್ತು 2021ರಲ್ಲಿ ಇಂತಹ ಸಾಧನಗಳನ್ನು ಖರೀದಿಸಿದ ಕುಟುಂಬಗಳು ಅನೇಕ. ಇವುಗಳಲ್ಲಿ ಕೆಲವು ಮಾದರಿಗಳು ದೇಹದ ಉಷ್ಣಾಂಶ ಹಾಗೂ ವಸ್ತುವಿನ ಮೇಲ್ಮೈಯ ಉಷ್ಣಾಂಶಕ್ಕೆ ಪ್ರತ್ಯೇಕ ಸ್ಥಿತಿಗಳನ್ನು ಹೊಂದಿರುತ್ತವೆ. ದೇಹದ ಸ್ಥಿತಿಯನ್ನು ಆಯ್ಕೆ ಮಾಡದಿದ್ದಲ್ಲಿ ಜ್ವರವಿದ್ದರೂ ಅಂಕಿ ಕಡಿಮೆ ತೋರಬಹುದು. ಹಣೆಯಲ್ಲಿ ಹೆಚ್ಚು ಅಥವಾ ಕಡಿಮೆ ಉಷ್ಣಾಂಶ ಕಂಡುಬಂದಲ್ಲಿ ಡಿಜಿಟಲ್ ಥರ್ಮಾಮೀಟರ್‌ನಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಇ) ಕಿವಿಯ ಥರ್ಮಾಮೀಟರ್: ಆರು ತಿಂಗಳೊಳಗಿನ ಶಿಶುಗಳ ಕಿವಿಯ ನಾಳ ಬಹಳ ಕಿರಿದಾಗಿರುವುದರಿಂದ ಈ ವಯಸ್ಸಿನವರಿಗೆ ಸೂಕ್ತವಲ್ಲ.

ಈ) ಹಣೆಗೆ ಅಂಟಿಸುವ ಪಟ್ಟಿ ಹಾಗೂ ಮಗು ಚೀಪುವ ನಿಪ್ಪಲ್ ಮಾದರಿ: ಇವುಗಳ ಅಳತೆ ನಿಖರವಲ್ಲ. ಶಿಶುವಿನ ಚಿಕಿತ್ಸೆಯ ಬಗ್ಗೆ ನಿರ್ಧರಿಸಲು ಇವುಗಳನ್ನು ನೆಚ್ಚತಕ್ಕದ್ದಲ್ಲ.

ಉ) ಪಾದರಸದ ಗಾಜಿನ ಥರ್ಮಾಮೀಟರ್: ಒಡೆದಲ್ಲಿ ಗಾಜಿನ ಚೂರು ಹಾಗೂ ಪಾದರಸದ ಆವಿಯಿಂದ ಅಪಾಯವಿದೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಅಂಗೀಕೃತವಾದ ಮಿನಮಾಟಾ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿದೆ. ಹಳೆಯ ಗಾಜಿನ ಥರ್ಮಾಮೀಟರ್ ಮನೆಯಲ್ಲಿದ್ದರೆ ಶಿಶುವಿಗೆ ಬಳಸದಿರುವುದು ಕ್ಷೇಮ.

3. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

- 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ ವ್ಯಾಪ್ತಿಗೆ ಒಳಪಟ್ಟಿವೆ. ಆದುದರಿಂದ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಹಾಗೂ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡತಕ್ಕದ್ದು.
- ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ ಹಾಗೂ ಗ್ರಾಹಕರ ದೂರಿಗಾಗಿ ದೂರವಾಣಿ ಸಂಖ್ಯೆ ನಮೂದಾಗಿರಬೇಕು. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚಿನ ಹಣವನ್ನು ಪಾವತಿಸಬೇಕಾಗಿಲ್ಲ.
- ಕಂಕುಳಿನ ಡಿಜಿಟಲ್ ಮಾದರಿಯಲ್ಲಿ ನಿಖರತೆ ±0.1 ಡಿಗ್ರಿ ಸೆಲ್ಸಿಯಸ್ ಎಂದು ನಮೂದಾಗಿರುವುದನ್ನು ಆರಿಸಿಕೊಳ್ಳುವುದು ಉತ್ತಮ.
- ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಪೈಕಿ ಯಾವುದರಲ್ಲಿ ಅಂಕಿ ತೋರುತ್ತದೆ, ಬದಲಿಸುವ ಅವಕಾಶವಿದೆಯೇ ಎಂಬುದನ್ನು ತಿಳಿದುಕೊಳ್ಳಬೇಕು.
- ಸೆಲ್ ಇರುವ ಮುಚ್ಚಳವು ಮಗುವಿನ ಕೈಗೆ ಸುಲಭವಾಗಿ ತೆರೆದುಕೊಳ್ಳುವಂತಿರಬಾರದು.
- ಅಂಗಡಿಯಿಂದ ರಸೀದಿ ಹಾಗೂ ಖಾತರಿ ಚೀಟಿಯನ್ನು ಕಡ್ಡಾಯವಾಗಿ ಪಡೆದು ಕಾಯ್ದಿರಿಸತಕ್ಕದ್ದು.

4. ಅಳೆಯುವ ಕ್ರಮ

ಸ್ನಾನ ಮಾಡಿಸಿದ ಕೂಡಲೇ, ಸಾಂಬ್ರಾಣಿ ಹೊಗೆ ಅಥವಾ ಕೆಂಡದ ಬಿಸಿ ತಾಗಿಸಿದ ಕೂಡಲೇ, ದಪ್ಪ ಬಟ್ಟೆಯಲ್ಲಿ ಸುತ್ತಿರುವಾಗ ಅಥವಾ ಮಗು ಅತ್ತು ದಣಿದಿರುವಾಗ ದೊರೆಯುವ ಅಳತೆ ಸರಿಯಾಗಿರುವುದಿಲ್ಲ. ಸುಮಾರು 15ರಿಂದ 20 ನಿಮಿಷ ಬಿಟ್ಟು ಅಳೆಯತಕ್ಕದ್ದು. ತದನಂತರ ಈ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು:

1) ಕೈಗಳನ್ನು ಸೋಪಿನಿಂದ ತೊಳೆದು, ಥರ್ಮಾಮೀಟರ್ ತುದಿಯನ್ನು ಶುಚಿಗೊಳಿಸಬೇಕು.
2) ಮಗುವಿನ ಕಂಕುಳನ್ನು ಒಣ ಬಟ್ಟೆಯಿಂದ ಮೃದುವಾಗಿ ಒರೆಸಬೇಕು.
3) ಗುಂಡಿ ಒತ್ತಿ, ಲೋಹದ ತುದಿಯನ್ನು ಕಂಕುಳಿನ ನಡುವೆ ಚರ್ಮಕ್ಕೆ ನೇರವಾಗಿ ತಾಗುವಂತೆ ಇಡಬೇಕು. ಅಂಗಿಯ ಬಟ್ಟೆ ನಡುವೆ ಬರಬಾರದು.
4) ಮಗುವಿನ ತೋಳನ್ನು ಪಕ್ಕೆಗೆ ಒತ್ತಿ ಹಿಡಿದು, ಬೀಪ್ ಶಬ್ದ ಬರುವವರೆಗೆ ಅಲುಗಿಸದೆ ಇರಬೇಕು.
5) ಅಂಕಿ ಹಾಗೂ ವೇಳೆಯನ್ನು ತಾಯಿ ಕಾರ್ಡಿನಲ್ಲಿ ಅಥವಾ ಹಾಳೆಯಲ್ಲಿ ಬರೆದಿಡಬೇಕು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಇದನ್ನೇ.

ಶಿಶುವಿನ ಬಾಯಿಯಲ್ಲಿ ಥರ್ಮಾಮೀಟರ್ ಇಡತಕ್ಕದ್ದಲ್ಲ. ಗುದದ್ವಾರದಲ್ಲಿ ಅಳೆಯುವ ವಿಧಾನವನ್ನು ವೈದ್ಯರು ಅಥವಾ ದಾದಿಯರಿಗೆ ಬಿಡುವುದು ಸೂಕ್ತ.

5. ಅಂಕಿಗಳ ಅರ್ಥ (ಕಂಕುಳಿನ ಅಳತೆ)

- 36.5ರಿಂದ 37.4 ಡಿಗ್ರಿ ಸೆಲ್ಸಿಯಸ್ (97.7ರಿಂದ 99.3 ಫ್ಯಾರನ್‌ಹೀಟ್): ಸಹಜ.
- 35.5ರಿಂದ 36.4 ಡಿಗ್ರಿ (95.9ರಿಂದ 97.5): ಮೈ ತಣ್ಣಗಾಗುತ್ತಿದೆ. ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಒರಗಿಸಿ, ತಲೆಗೆ ಕುಲಾವಿ ಹಾಕಿ, ಮೇಲೆ ಹೊದಿಸಿ, ಎದೆಹಾಲು ನೀಡುತ್ತಾ ಒಂದು ಗಂಟೆಯ ನಂತರ ಮತ್ತೆ ಅಳೆಯಬೇಕು. ಸಹಜ ಮಟ್ಟಕ್ಕೆ ಬಾರದಿದ್ದಲ್ಲಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.
- 35.5 ಡಿಗ್ರಿಗಿಂತ ಕಡಿಮೆ, ಅಥವಾ ಎರಡು ತಿಂಗಳೊಳಗಿನ ಮಗುವಿನಲ್ಲಿ 37.5 ಡಿಗ್ರಿ (99.5) ಹಾಗೂ ಮೇಲ್ಪಟ್ಟು: ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ದಾರಿಯುದ್ದಕ್ಕೂ ತಣ್ಣಗಿರುವ ಮಗುವನ್ನು ತಾಯಿಯ ಮೈಗೆ ಒರಗಿಸಿ ಬೆಚ್ಚಗಿಡಬೇಕು.
- ಎರಡು ತಿಂಗಳು ದಾಟಿ ಮೂರು ತಿಂಗಳೊಳಗಿನ ಮಗುವಿನಲ್ಲಿ 38 ಡಿಗ್ರಿ (100.4) ಹಾಗೂ ಮೇಲ್ಪಟ್ಟು: ಅದೇ ದಿನ, ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು.

ಸಾಮಾನ್ಯ ಡಿಜಿಟಲ್ ಮಾದರಿಗಳು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವಾಗ ಅಂಕಿಯ ಬದಲು ‘ಲೋ’ ಎಂಬ ಅಕ್ಷರಗಳನ್ನು ತೋರಿಸುತ್ತವೆ. ಗುಂಡಿ ಒತ್ತಿದ ಕೂಡಲೇ ಇದು ಕಾಣುವುದು ಸಹಜ. ಆದರೆ ಮಗುವಿನ ಕಂಕುಳಿನಲ್ಲಿ ಸರಿಯಾಗಿ ಇಟ್ಟ ನಂತರವೂ ಹೀಗೆಯೇ ಇದ್ದು, ಮನೆಯ ದೊಡ್ಡವರಲ್ಲಿ ಅದೇ ಥರ್ಮಾಮೀಟರ್ ಸಹಜ ಅಂಕಿ ತೋರಿದಲ್ಲಿ, ಥರ್ಮಾಮೀಟರ್ ಕೆಟ್ಟಿದೆ ಎಂದು ಭಾವಿಸಿ ಬದಿಗಿಡದೆ ತುರ್ತು ಚಿಕಿತ್ಸೆ ಪಡೆಯಬೇಕು.

ಮಗು ಹಾಲು ಕುಡಿಯದಿರುವುದು, ಉಸಿರಾಟ ವೇಗವಾಗಿರುವುದು, ಪಕ್ಕೆ ಒಳಸೆಳೆಯುವುದು, ಫಿಟ್ಸ್ ಬರುವುದು ಅಥವಾ ಮಂಕಾಗಿ ಅಲುಗಾಡದಿರುವುದು ಕಂಡುಬಂದಲ್ಲಿ, ಥರ್ಮಾಮೀಟರ್ ಸಹಜ ಅಂಕಿಯನ್ನು ತೋರಿದರೂ ಕಾಯತಕ್ಕದ್ದಲ್ಲ. ವೈದ್ಯರ ಸಲಹೆಯಿಲ್ಲದೆ ಎಳೆ ಶಿಶುವಿಗೆ ಜ್ವರದ ಔಷಧ ನೀಡಬಾರದು.

6. ನಿರ್ವಹಣೆ

- ಪ್ರತಿ ಬಾರಿ ಬಳಸುವ ಮೊದಲು ಹಾಗೂ ನಂತರ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಬೇಕು. ಬಿಸಿನೀರಿನಲ್ಲಿ ಕುದಿಸಬಾರದು. ಜಲನಿರೋಧಕ ಎಂದು ನಮೂದಿಲ್ಲದ ಮಾದರಿಯನ್ನು ನೀರಿನಲ್ಲಿ ಮುಳುಗಿಸಬಾರದು.
- ಇನ್ಫ್ರಾರೆಡ್ ಮಾದರಿಯ ಮಸೂರವನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬೇಕು. ಮಸೂರ ಮಸುಕಾಗಿದ್ದರೆ ಅಳತೆ ತಪ್ಪುತ್ತದೆ.
- ಒಲೆಯ ಬಳಿ, ಬಿಸಿಲು ಬೀಳುವ ಕಿಟಕಿಯಲ್ಲಿ ಅಥವಾ ನಿಲ್ಲಿಸಿದ ವಾಹನದೊಳಗೆ ಇಡದೆ, ಅದರ ಡಬ್ಬಿಯಲ್ಲಿಯೇ ಇರಿಸಬೇಕು.
- ಪರದೆಯಲ್ಲಿ ಸೆಲ್‌ನ ಗುರುತು ಕಾಣಿಸಿಕೊಂಡಲ್ಲಿ ಅಥವಾ ಅಂಕಿ ಮಸುಕಾದಲ್ಲಿ ಸೆಲ್ ಬದಲಿಸಬೇಕು.
- ಸಾಧನದ ಬಗ್ಗೆ ಸಂದೇಹವಿದ್ದಲ್ಲಿ ಆಶಾ ಕಾರ್ಯಕರ್ತೆಯ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಥರ್ಮಾಮೀಟರ್‌ನೊಂದಿಗೆ ಒಂದೇ ವ್ಯಕ್ತಿಯಲ್ಲಿ, ಒಂದೇ ಕಂಕುಳಿನಲ್ಲಿ, ಒಂದರ ನಂತರ ಒಂದರಂತೆ ಹೋಲಿಸಿ ನೋಡಬಹುದು.

ವಿಶೇಷ ಎಚ್ಚರಿಕೆ: ಥರ್ಮಾಮೀಟರ್‌ನ ಗುಂಡಾದ ಬಟನ್ ಸೆಲ್ ಅನ್ನು ಮಗು ನುಂಗಿದಲ್ಲಿ, ಅದು ಅನ್ನನಾಳದಲ್ಲಿ ಸಿಲುಕಿ ಎರಡು ಗಂಟೆಯೊಳಗೆ ತೀವ್ರವಾದ ಸುಟ್ಟಗಾಯ ಉಂಟುಮಾಡಬಲ್ಲದು. ಬಳಸಿ ತೆಗೆದ ಸೆಲ್‌ನಿಂದಲೂ ಈ ಅಪಾಯವಿದೆ. ನುಂಗಿರುವ ಸಂದೇಹ ಬಂದ ಕೂಡಲೇ, ವಾಂತಿ ಮಾಡಿಸದೆ, ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

7. ಪಾದರಸದ ಥರ್ಮಾಮೀಟರ್ ಒಡೆದಲ್ಲಿ

ಮಕ್ಕಳನ್ನು ಹಾಗೂ ಗರ್ಭಿಣಿಯರನ್ನು ಕೊಠಡಿಯಿಂದ ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆದು, ಫ್ಯಾನ್ ಆರಿಸಬೇಕು. ಪಾದರಸವು ಚಿನ್ನಕ್ಕೆ ಅಂಟಿಕೊಳ್ಳುವುದರಿಂದ ಬಳೆ, ಉಂಗುರಗಳನ್ನು ತೆಗೆದಿಟ್ಟು ಕೈಗವಸು ಧರಿಸಬೇಕು. ಪೊರಕೆ ಅಥವಾ ವ್ಯಾಕ್ಯೂಮ್ ಕ್ಲೀನರ್ ಬಳಸಿದಲ್ಲಿ ಪಾದರಸವು ಸಣ್ಣ ಹನಿಗಳಾಗಿ ಮತ್ತಷ್ಟು ಹರಡುತ್ತದೆ. ಎರಡು ಗಟ್ಟಿ ಕಾಗದಗಳ ನಡುವೆ ಹನಿಗಳನ್ನು ಕೂಡಿಸಿ, ಉಳಿದವನ್ನು ಅಂಟುವ ಟೇಪಿನಿಂದ ಎತ್ತಿ, ಮುಚ್ಚಳ ಭದ್ರವಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಬೇಕು. ಚರಂಡಿಗೆ ಸುರಿಯಬಾರದು, ಸುಡಬಾರದು. ಅಪಾಯಕಾರಿ ತ್ಯಾಜ್ಯವೆಂದು ತಿಳಿಸಿ ಸ್ಥಳೀಯ ಸಂಸ್ಥೆಯ ಕಸ ಸಂಗ್ರಹಕಾರರಿಗೆ ಪ್ರತ್ಯೇಕವಾಗಿ ನೀಡತಕ್ಕದ್ದು.

8. ದೂರು ಹಾಗೂ ನೆರವು

ದೋಷಪೂರಿತ ಥರ್ಮಾಮೀಟರ್ ಮಾರಾಟ ಮಾಡಿದಲ್ಲಿ ಅಥವಾ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗಾಗಿ ದೂರು ಸಲ್ಲಿಸಲು ಅವಕಾಶವಿದ್ದು, ಪಾವತಿಸಿದ ಮೊಬಲಗು ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ದೂರಿನೊಂದಿಗೆ ರಸೀದಿ, ಖಾತರಿ ಚೀಟಿ ಹಾಗೂ ಪೊಟ್ಟಣದ ಹೊರಕವಚದ ಪ್ರತಿಯನ್ನು ಲಗತ್ತಿಸತಕ್ಕದ್ದು.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅನಾರೋಗ್ಯಪೀಡಿತ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಲಭ್ಯವಿರುತ್ತದೆ. ತುರ್ತು ಸಂದರ್ಭದಲ್ಲಿ 108 ಆಂಬುಲೆನ್ಸ್ ಸೇವೆಯನ್ನು ಪಡೆಯಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಹಾಗೂ 42ನೇ ದಿನಗಳಂದು ಭೇಟಿ ನೀಡುತ್ತಾರೆ. ಈ ಭೇಟಿಗಳ ಸಂದರ್ಭದಲ್ಲಿ ಥರ್ಮಾಮೀಟರ್ ಇಡುವ ಕ್ರಮವನ್ನು ಅವರಿಂದ ನೋಡಿ ಕಲಿತುಕೊಳ್ಳುವುದು ಸೂಕ್ತ.

ಸೂಚನೆ: ಮೇಲ್ಕಂಡ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಪರೀಕ್ಷೆಗೆ ಪರ್ಯಾಯವಾಗಿರುವುದಿಲ್ಲ.