ಹಿಂಗಾರಿನ ಹಿತ್ತಲು: ನಮ್ಮ ಹಬ್ಬದ ಹೂಗಳು ಎಲ್ಲಿಂದ ಬಂದವು?

ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಅಕ್ಟೋಬರ್ ತಿಂಗಳು ಬಂದಿತೆಂದರೆ ಕೆಂಪಾಗಿ ಉದುರುವ ಎಲೆಗಳ ಚಿತ್ರಗಳನ್ನು ಕಳುಹಿಸುತ್ತಾರೆ. ಅವರ ಅಂಗಳದಲ್ಲಿ ಆಗ ಸಸ್ಯಗಳಿಗೆ ಇಳಿಗಾಲ. ನಮ್ಮ ಬೈಲಹೊಂಗಲ ಸೀಮೆಯ ಮಾತು ಬೇರೆ. ಇಲ್ಲಿ ಎಲೆ ಉದುರುವುದು ಶಿವರಾತ್ರಿಯ ಆಚೀಚೆ. ಹಸ್ತ, ಚಿತ್ತಿ ಮಳೆಗಳು ಎರೆಭೂಮಿಯನ್ನು ತೋಯಿಸಿ ಹೋದ ಬಳಿಕ, ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ, ಹಿತ್ತಲು ತನ್ನ ಪೂರ್ಣ ವೈಭವಕ್ಕೆ ಬರುತ್ತದೆ. ಶರದೃತುವಿನಲ್ಲಿಯೂ ಚೆಂದ ಕಾಣುವ ಗಿಡಗಳು ಯಾವುವು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಚೆಂದ ಕಾಣುವುದೇ ಶರದೃತುವಿನಲ್ಲಿ.

ಕೆಲವು ವರ್ಷಗಳ ಹಿಂದೆ ಊರಿನ ಒಂದು ಸಭೆಯಲ್ಲಿ ಮಾತಿಗೆ ಮಾತು ಬಂದು, ಹಬ್ಬದ ಪೂಜೆಗೆ "ನಮ್ಮ ನೆಲದ ಹೂಗಳನ್ನಷ್ಟೇ" ಬಳಸಬೇಕು, ಪರದೇಶದ ಹೂಗಳನ್ನು ಬಿಡಬೇಕು ಎಂದು ಒಬ್ಬರು ಆವೇಶದಿಂದ ವಾದಿಸಿದರು. ಅವರ ಹಿಂದಿನ ಕಂಬಕ್ಕೆ ಚೆಂಡುಹೂವಿನ ಮಾಲೆ ಸುತ್ತಿತ್ತು. ಅಂದು ನಾನು ಸುಮ್ಮನಿದ್ದೆ, ಸಭೆಯ ವೇಳೆ ಮುಗಿದಿತ್ತು. ಇಂದು ಅದಕ್ಕೆ ಉತ್ತರವಾಗಿ ಈ ಬರಹ.

ಮೊದಲು ಸವದತ್ತಿಯನ್ನು ನೋಡೋಣ. ರಟ್ಟರ ಕಾಲದಲ್ಲಿ ಅದರ ಹೆಸರು ಸುಗಂಧವರ್ತಿ. ಕ್ರಿ.ಶ. 980ರ ಶಾಸನದಲ್ಲಿ, ಚಾಲುಕ್ಯ ತೈಲಪನ ಸಾಮಂತನಾಗಿದ್ದ ರಟ್ಟ ಶಾಂತಿವರ್ಮನು ಅಲ್ಲಿ ಬಸದಿಯನ್ನು ಕಟ್ಟಿಸಿ ಭೂಮಿಯನ್ನು ದತ್ತಿ ಕೊಟ್ಟ ವಿಷಯವಿದೆ. ಸುಗಂಧವರ್ತಿ ಎಂಬ ಹೆಸರಿನಿಂದಲೇ ಅಲ್ಲಿ ಹೂದೋಟಗಳಿದ್ದವು ಎಂದು ಇತಿಹಾಸ ಕಟ್ಟುವುದು ಸರಿಯಲ್ಲ; ಸ್ಥಳನಾಮಗಳು ಬಹಳ ಬಾರಿ ನಮ್ಮನ್ನು ದಾರಿ ತಪ್ಪಿಸುತ್ತವೆ. ಆದರೆ ದೇವರ ಪೂಜೆಗೆಂದು ಪೂದೋಂಟ ಬಿಟ್ಟುಕೊಡುವ ಪದ್ಧತಿ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಹೂ ಕಟ್ಟುವ ಮಾಲೆಗಾರನಿಗೂ ಅಲ್ಲಿ ಸ್ಥಾನವಿದೆ. ಆ ಕಾಲದ ತೋಟದಲ್ಲಿ ಮಲ್ಲಿಗೆ, ಸಂಪಿಗೆ, ಕಣಗಿಲೆ, ತಾವರೆಗಳನ್ನು ನಾವು ಕಲ್ಪಿಸಿಕೊಳ್ಳಬಹುದು. ಚೆಂಡುಹೂವನ್ನು ಮಾತ್ರ ಕಲ್ಪಿಸಿಕೊಳ್ಳುವಂತಿಲ್ಲ. ಏಕೆಂದರೆ ಅದು ಅಂದು ಏಷ್ಯಾ ಖಂಡದಲ್ಲಿಯೇ ಇರಲಿಲ್ಲ.

ಚೆಂಡುಹೂವಿನ ತವರು ಮೆಕ್ಸಿಕೋ. ಅಲ್ಲಿಯ ಆಸ್ಟೆಕ್ ಜನ ಅದನ್ನು ಔಷಧಕ್ಕೂ ಪೂಜೆಗೂ ಬಳಸುತ್ತಿದ್ದರು. ಸ್ಪೇನಿನವರು ಬಂದ ಬಳಿಕ 1552ರಲ್ಲಿ ಸಿದ್ಧವಾದ ಅಲ್ಲಿಯ ಮೂಲಿಕೆಗಳ ಗ್ರಂಥದಲ್ಲಿ ಅದರ ಉಲ್ಲೇಖವಿದೆ. ಇಂದಿಗೂ ಅಲ್ಲಿಯ ಜನ ನವೆಂಬರ್ 1 ಮತ್ತು 2ರಂದು ಗತಿಸಿದ ಹಿರಿಯರನ್ನು ನೆನೆಯುವಾಗ ಮನೆಯ ಬಾಗಿಲಿನಿಂದ ಪೂಜಾಸ್ಥಾನದವರೆಗೆ ಇದೇ ಹೂವಿನ ಎಸಳುಗಳನ್ನು ಹಾಸುತ್ತಾರೆ. ನಮ್ಮ ದೀಪಾವಳಿಯೂ ಅದೇ ಕಾಲಕ್ಕೆ! ಪೋರ್ಚುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಮೂಲಕ ಅಮೆರಿಕದ ಮೆಣಸಿನಕಾಯಿ, ಗೋಡಂಬಿ, ಪೇರಲ, ಸೀತಾಫಲಗಳು ಬಂದವು. ಚೆಂಡುಹೂವೂ ಆ ಕಾಲದ ವ್ಯಾಪಾರದ ದಾರಿಯಲ್ಲಿಯೇ ಬಂದದ್ದು. ಗೋವೆಯಿಂದ ಘಟ್ಟ ಹತ್ತಿದರೆ ಬೆಳಗಾವಿ, ಅಲ್ಲಿಂದ ಬೈಲಹೊಂಗಲ ಎಷ್ಟು ದೂರ? ಎತ್ತಿನ ಗಾಡಿಗೂ ಕೆಲವೇ ದಿನಗಳ ಹಾದಿ.

ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಇಲ್ಲಿ ನೆನಪಿಸಲೇಬೇಕು (ಮಾಸ್ತರಿಕೆ ಬಿಟ್ಟರೂ ಚಟ ಬಿಡದು). ನಾವು ಒಂದು ಚೆಂಡುಹೂ ಎನ್ನುವುದು ಒಂದು ಹೂವಲ್ಲ, ನೂರಾರು ಕಿರುಹೂಗಳ ಗೊಂಚಲು. ನಾವು ಎಸಳೆಂದು ಕೀಳುವ ಪ್ರತಿಯೊಂದೂ ಒಂದೊಂದು ಹೂವು. ಸೇವಂತಿಗೆಯೂ ಅದೇ ಕುಲದ್ದು, ಗುರೆಳ್ಳೂ ಅದೇ ಕುಲದ್ದು.

ಸೇವಂತಿಗೆಯ ಕಥೆ ಇನ್ನೂ ಸೊಗಸಾದುದು. ನಮ್ಮ ಭಾಗದ ಬಾಯಲ್ಲಿ ಅದು ಸ್ಯಾವಂತಿಗಿ. ಅದನ್ನು ತೋಟದ ಹೂವಾಗಿ ಪಳಗಿಸಿದವರು ಚೀನೀಯರು. ಅವರ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಸೇವಂತಿಗೆಯ ಹಬ್ಬ. ಕುತೂಹಲಕ್ಕೆಂದು ನಾನು ಪಂಚಾಂಗವನ್ನು ಹೋಲಿಸಿ ನೋಡಿದೆ: 2022, 2023, 2024, ಈ ಮೂರೂ ವರ್ಷ ಆ ಹಬ್ಬವೂ ನಮ್ಮ ಮಹಾನವಮಿಯೂ ಒಂದೇ ದಿನ ಬಂದಿವೆ. ಇದು ಪವಾಡವಲ್ಲ. ಇಬ್ಬರದೂ ಚಂದ್ರನ ಲೆಕ್ಕ, ಇಬ್ಬರೂ ಕಾಯುವುದು ಅದೇ ಋತುವನ್ನು. ಇನ್ನು ಸಂಸ್ಕೃತದಲ್ಲಿಯೂ ಸೇವಂತಿಕಾ ಎಂಬ ಪದವಿದೆ. ಕೆಳದಿಯ ಬಸವಪ್ಪ ನಾಯಕನನ್ನು ಕುರಿತು ಚೊಕ್ಕನಾಥನು ಬರೆದ ನಾಟಕದ ಹೆಸರೇ "ಸೇವಂತಿಕಾ ಪರಿಣಯ". ಆದರೆ ಹಳೆಯ ಗ್ರಂಥಗಳಲ್ಲಿ ಇದಕ್ಕೆ ಹತ್ತಿರದ ಹೆಸರುಗಳು ಬಿಳಿಯ ಗುಲಾಬಿಗೂ ಸಲ್ಲುತ್ತವೆ. ಆದ್ದರಿಂದ ಹೆಸರು ಕಂಡಲ್ಲೆಲ್ಲ ಇಂದಿನ ಸೇವಂತಿಗೆಯನ್ನೇ ಕಾಣಬಾರದು.

ಅದು ಇದೇ ಕಾಲಕ್ಕೆ ಏಕೆ ಅರಳುತ್ತದೆ? ಚಳಿ ಬಂದಿತೆಂದಲ್ಲ, ಇರುಳು ಉದ್ದವಾಯಿತೆಂದು. ಸಸ್ಯಗಳು ಹಗಲಿರುಳಿನ ಅಳತೆಯನ್ನು ಅರಿತು ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು 1920ರಲ್ಲಿ ಪ್ರಕಟಿಸಿದರು. ಬೀದಿದೀಪದ ಬೆಳಕು ಇರುಳೆಲ್ಲ ಬೀಳುವ ಕಡೆ ಸೇವಂತಿಗೆ ನೆಟ್ಟು, ಗಿಡ ಸೊಂಪಾಗಿದ್ದರೂ ಮೊಗ್ಗಿಲ್ಲವೆಂದು ಕೊರಗುವವರು ಬಹಳ ಜನ. ಕುಂಡವನ್ನು ಕತ್ತಲೆಯ ಮೂಲೆಗೆ ಸರಿಸಿದರೆ ಸಾಕು.

ಈಗ ಕಿತ್ತೂರಿಗೆ ಬರೋಣ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದದ್ದು ನಮ್ಮಲ್ಲಿ ಮಗುವಿಗೂ ಗೊತ್ತು. ಆ ದಿನದ ತಿಥಿ ಯಾವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. 19 ವರ್ಷಗಳಿಗೊಮ್ಮೆ ತಿಥಿಗಳು ಹೆಚ್ಚುಕಡಿಮೆ ಅದೇ ತಾರೀಖಿಗೆ ಮರಳುತ್ತವೆ. 1824ಕ್ಕೆ ಒಂಬತ್ತು ಬಾರಿ 19 ಕೂಡಿಸಿದರೆ 1995. ಆ ವರ್ಷದ ಅಕ್ಟೋಬರ್ 24ರ ಸೂರ್ಯಗ್ರಹಣ ನನ್ನ ಅನೇಕ ವಿದ್ಯಾರ್ಥಿಗಳ ನೆನಪಿನಲ್ಲಿರಬೇಕು. ಅದು ದೀಪಾವಳಿಯ ಅಮಾವಾಸ್ಯೆ. ಚಂದ್ರನ ಗತಿಯನ್ನು ಹಿಂದಕ್ಕೆ ಲೆಕ್ಕ ಹಾಕಿದರೂ ಉತ್ತರ ಅದೇ: ಕಿತ್ತೂರಿನ ಕಾಳಗ ನಡೆದದ್ದು ದೀಪಾವಳಿಯ ಅಮಾವಾಸ್ಯೆಯ ಆಸುಪಾಸಿನಲ್ಲಿ.

ಇದನ್ನು ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿರುವ ಊರು, ರಾಮದುರ್ಗ ಸವದತ್ತಿಗಳಿಗಿಂತ ಅಲ್ಲಿ ಮಳೆ ಹೆಚ್ಚು, ಹಸಿರು ಹೆಚ್ಚು. ತೋಪಿನ ಸದ್ದು ಕೇಳಿದ ಆ ದಿನಗಳಲ್ಲಿ ಪೇಟೆಯ ಮನೆಗಳ ಹಿತ್ತಲುಗಳಲ್ಲಿ ಹೂ ಅರಳಿಯೇ ಇದ್ದಿರಬೇಕು. ಹಬ್ಬಕ್ಕೆಂದು ಬೆಳೆಸಿದ ಹೂಗಳನ್ನು ಯಾರು ಕೊಯ್ದರು, ಯಾವ ಬಾಗಿಲಿಗೆ ಕಟ್ಟಿದರು? ದಫ್ತರಗಳು ತೋಪು, ಖಜಾನೆ, ಕೈದಿಗಳ ಎಣಿಕೆ ಇಟ್ಟಿವೆ, ಹಿತ್ತಲಿನ ಎಣಿಕೆ ಇಟ್ಟಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ನಾಲ್ಕು ಶರದೃತುಗಳನ್ನು ಆಕೆ ಅಲ್ಲಿಯೇ ಕಳೆದು 1829ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದಳು. ಆಕೆಯ ಸಮಾಧಿಯ ಸುತ್ತ ಇಂದು ಉದ್ಯಾನವಿದೆ.

ದೀಪಾವಳಿಯ ಪಾಡ್ಯಕ್ಕೆ ನಮ್ಮ ಕಡೆ ಹಟ್ಟಿಹಬ್ಬ. ಸೆಗಣಿಯಿಂದ ಹಟ್ಟೆವ್ವನನ್ನು ಮಾಡಿ ಉತ್ತರಾಣಿ ಕಡ್ಡಿ, ಗುರೆಳ್ಳಿನ ಹಳದಿ ಹೂ, ಚೆಂಡುಹೂ ಸಿಕ್ಕಿಸುತ್ತಾರೆ. ನಮ್ಮ ಅವ್ವ ಹಬ್ಬದ ನಸುಕಿನಲ್ಲಿ ಹೊಲದ ಅಂಚಿಗೆ ನಮ್ಮನ್ನು ಓಡಿಸುತ್ತಿದ್ದಳು: "ಗುರೆಳ್ಳ ಹೂವು ಇಲ್ಲದ ಹಟ್ಟೆವ್ವ ಕೂಡೂದಿಲ್ಲ ನೋಡ್ರಿ, ಲಗೂನ ತರ್ರಿ." ಈ ಒಂದು ಮುಷ್ಟಿ ಸೆಗಣಿಯ ಮೇಲೆ ಎಷ್ಟು ದೇಶಗಳಿವೆ! ಉತ್ತರಾಣಿ ಇಲ್ಲಿಯದೇ ಕಳೆ. ಗುರೆಳ್ಳನ್ನು ಮೊದಲು ಬೆಳೆಯಾಗಿ ಪಳಗಿಸಿದ್ದು ಇಥಿಯೋಪಿಯಾದ ಎತ್ತರದ ನಾಡಿನ ರೈತರು. ಬಹು ಹಿಂದೆಯೇ ಅದು ನಮ್ಮಲ್ಲಿಗೆ ಬಂದಿತು. ಚೆಂಡುಹೂ ಮೆಕ್ಸಿಕೋದ್ದು. ನೈವೇದ್ಯದ ಜೋಳವೂ ಆಫ್ರಿಕದ ಮೂಲದ್ದೇ. ಸಭೆಯಲ್ಲಿ ಆವೇಶದಿಂದ ಮಾತಾಡಿದ ಆ ಹಿರಿಯರು ಈ ತಟ್ಟೆಯಿಂದ ಏನನ್ನು ತೆಗೆಯುತ್ತಾರೆ, ಏನನ್ನು ಉಳಿಸುತ್ತಾರೆ?

ಕಾಶಿ ಕಣಗಿಲೆಯನ್ನೇ ನೋಡಿ. ನೀರು ಹಾಕುವವರಿಲ್ಲದ ರಾಮದುರ್ಗದ ಕಲ್ಲು ಅಂಗಳದಲ್ಲಿಯೂ ಅದು ಹೂ ಬಿಡುತ್ತದೆ, ಆದ್ದರಿಂದಲೇ ನಿತ್ಯಪುಷ್ಪ. ಕಾಶಿಗೂ ಅದಕ್ಕೂ ಸಂಬಂಧವಿಲ್ಲ, ಕಣಗಿಲೆಯೊಡನೆ ಕುಲದ ನಂಟು ಮಾತ್ರ ನಿಜ. ಬಂದದ್ದು ಮಡಗಾಸ್ಕರ್ ದ್ವೀಪದಿಂದ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ನೋಬಲ್ ಮತ್ತು ಬಿಯರ್ ಮಧುಮೇಹದ ಔಷಧ ಸಿಕ್ಕೀತೆಂದು ಈ ಗಿಡವನ್ನು ಪರೀಕ್ಷಿಸಿದರು. ದೊರೆತದ್ದು ಕ್ಯಾನ್ಸರಿನ ಔಷಧ. ಇದೇ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುವ ಮದ್ದು. ಗಿಡ ವಿಷ, ಎಲೆ ಅಗಿಯುವ ಸಾಹಸ ಯಾರೂ ಮಾಡಬೇಡಿ. ಸಂಜೆಮಲ್ಲಿಗೆ ಅಮೆರಿಕದ್ದು, ಕಾಗದದ ಹೂವಿನ ಬಳ್ಳಿ ಬ್ರೆಜಿಲಿನದು. ಅದೇ ಅಮೆರಿಕದಿಂದ ಬಂದ ಕಾಂಗ್ರೆಸ್ ಕಸವನ್ನು ಮಾತ್ರ ನಾನೂ ಕಿತ್ತೆಸೆಯುವವನೇ.

ಇಷ್ಟರ ನಡುವೆ ಇಲ್ಲಿಯದೇ ಎನ್ನಬಹುದಾದದ್ದು ಬನ್ನಿ. ಹಿತ್ತಲಿನ ಗಿಡವಲ್ಲ, ಊರ ಹೊರಗಿನ ಮರ. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಬರಗಾಲದಲ್ಲಿಯೂ ಹಸಿರು. ನವರಾತ್ರಿಯ ನಸುಕಿನಲ್ಲಿ ಹೆಣ್ಣುಮಕ್ಕಳು ಬನ್ನಿ ಮಹಾಂಕಾಳಿಯ ಪೂಜೆಗೆ ಹೋಗುವುದು, ದಸರೆಯಂದು ಹಿರಿಯರಿಗೆ ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುವುದು ನಮ್ಮ ನಾಲ್ಕೂ ಊರುಗಳಲ್ಲಿ ಉಂಟು. ಹೊಲ ಅಗಲಿಸುವವರು, ರಸ್ತೆ ಅಗಲಿಸುವವರು ಕಡಿಯುವುದು ಇದನ್ನೇ.

ನನ್ನ ಚಿಂತೆ ಹೂ ಎಲ್ಲಿಂದ ಬಂದಿತು ಎಂಬುದಲ್ಲ, ಎಲ್ಲಿಗೆ ಹೋಗುತ್ತಿದೆ ಎಂಬುದು. ಮಣ್ಣಿನ ಮಾಳಿಗೆಯ ಮನೆಗಳು ಹೋಗಿ ಆರ್‌ಸಿಸಿ ಮನೆಗಳು ಬಂದವು; ನಾಲ್ಕೂ ಗೋಡೆ ಹದ್ದಿಗೆ ತಾಗಿತು, ಬಚ್ಚಲ ನೀರು ಗಟಾರಕ್ಕೆ ಇಳಿಯಿತು. ಬಚ್ಚಲ ನೀರನ್ನೇ ಕುಡಿದು ಬೆಳೆಯುತ್ತಿದ್ದ ಅಬ್ಬಲಿಗೆಗೆ ಈಗ ಜಾಗವಿಲ್ಲ. ಅವ್ವನ ಕಾಲದ, ಗುಂಡಿಯಷ್ಟು ಸಣ್ಣ ಹಳದಿ ಸೇವಂತಿಗೆ, ಘಮ ಮಾತ್ರ ಓಣಿಗೆಲ್ಲ ಸಾಕಾಗುವಂಥದು, ನಮ್ಮ ಓಣಿಯಲ್ಲಿ ಈಗ ಒಂದೂ ಇಲ್ಲ. ಅದು ಬೀಜದಿಂದ ಬರುತ್ತಿರಲಿಲ್ಲ. ಹೂ ಮುಗಿದ ಬಳಿಕ ಬುಡದಲ್ಲಿ ಒಡೆಯುವ ಮರಿಗಳನ್ನು ಕಿತ್ತು ಒಬ್ಬರಿಗೊಬ್ಬರು ಕೊಡಬೇಕಿತ್ತು. ಕೊಡುವ ಕೈ ನಿಂತ ವರ್ಷ ಗಿಡವೂ ನಿಂತಿತು. ಸವದತ್ತಿ, ಮುನವಳ್ಳಿ, ರಾಮದುರ್ಗದ ಕಡೆಯ ನಮ್ಮ ಬೀಗರ ಮನೆಗಳಲ್ಲಿ ಯಾರಲ್ಲಾದರೂ ಆ ಗಿಡ ಉಳಿದಿದ್ದರೆ, ಸಂಕ್ರಾಂತಿಯ ಬಳಿಕ ನಾಲ್ಕು ಮರಿ ಎತ್ತಿಡಿ. ನಾನೇ ಬಂದು ಒಯ್ಯುತ್ತೇನೆ. ಚೆಂಡುಹೂವಿಗೆ ಇಷ್ಟೆಲ್ಲ ಬೇಡ. ದೀಪಾವಳಿಗೆ ಕಟ್ಟಿದ ತೋರಣದಲ್ಲಿ ಊರ ತಳಿಯ ಬಲಿತ ಹೂಗಳಿದ್ದರೆ ಅದನ್ನು ಬಿಸಾಡದೆ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಟ್ಟು, ಮಿರಗದ ಮಳೆಗೆ ಅಂಗಳದಲ್ಲಿ ತಿಕ್ಕಿ ಉದುರಿಸಿದರೆ ಮುಗಿಯಿತು.