ಮಿದುಳಿನ ರಕ್ತನಾಳದ ಉಬ್ಬು: ಚಿಕಿತ್ಸೆ ಬೆಳೆದು ಬಂದ ದಾರಿ

ಚೆನ್ನಾಗಿ ಓಡಾಡಿಕೊಂಡಿದ್ದವರು ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕುಸಿದರೆ, ಹಿಂದೆ ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕಿತು ಎನ್ನುತ್ತಿದ್ದರು. ಅಂಥ ಕೆಲವು ಸಾವುಗಳಿಗೆ ಕಾರಣ ಮಿದುಳಿನ ರಕ್ತನಾಳದ ಉಬ್ಬು. ವೈದ್ಯರು ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಸವೆದ ಸೈಕಲ್ ಟ್ಯೂಬು ಒಂದು ಕಡೆ ಉಬ್ಬಿಕೊಳ್ಳುವಂತೆ, ನಾಳದ ಗೋಡೆ ತೆಳುವಾದಲ್ಲಿ, ಹೆಚ್ಚಾಗಿ ನಾಳ ಕವಲೊಡೆಯುವಲ್ಲಿ, ಗುಳ್ಳೆ ಏಳುತ್ತದೆ. ಒಡೆದರೆ ರಕ್ತ ಮಿದುಳಿನ ಸುತ್ತ ಹರಡುತ್ತದೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೂ ಈ ಚಿಕಿತ್ಸೆಯ ಇತಿಹಾಸ ನಮ್ಮೂರಿನವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮಿದುಳಿನ ನಾಳಗಳನ್ನು ಎಕ್ಸ್-ರೇಯಲ್ಲಿ ಕಾಣುವಂತೆ ಮಾಡಿದವರು ಪೋರ್ಚುಗಲ್ಲಿನ ಎಗಾಸ್ ಮೋನಿಜ್, 1927ರಲ್ಲಿ. ಹತ್ತು ವರ್ಷದ ಮೇಲೆ, 1937ರಲ್ಲಿ, ಅಮೆರಿಕದ ವಾಲ್ಟರ್ ಡ್ಯಾಂಡಿ ಉಬ್ಬಿನ ಕತ್ತಿಗೆ ಪುಟ್ಟ ಬೆಳ್ಳಿ ಕ್ಲಿಪ್ ಹಾಕಿ ಮುಚ್ಚಿದರು. ರೋಗಿ ಬದುಕಿದ. ಆದರೆ ಬರಿಗಣ್ಣಿನ ಕೆಲಸದಲ್ಲಿ ಅಪಾಯವಿತ್ತು. ಉಬ್ಬಿನ ಪಕ್ಕದ ಕೂದಲೆಳೆಯಂಥ ನಾಳವೊಂದು ಕ್ಲಿಪ್ಪಿಗೆ ಸಿಕ್ಕರೂ ರೋಗಿಯ ಕೈಕಾಲೋ ಮಾತೋ ಹೋಗಬಹುದು. 1967ರಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗಾಜಿ ಯಾಸರ್ಗಿಲ್ ಸೂಕ್ಷ್ಮದರ್ಶಕದ ಕೆಳಗೆ ಇಂಥ ಶಸ್ತ್ರಚಿಕಿತ್ಸೆ ಮಾಡಿ, ಜಗತ್ತಿನ ವೈದ್ಯರಿಗೆ ಅದನ್ನು ಕಲಿಸಿದರು.

ಎಲ್ಲ ಉಬ್ಬುಗಳೂ ಕ್ಲಿಪ್ಪಿಗೆ ಬಗ್ಗುವುದಿಲ್ಲ. ಕೆಲವು 25 ಮಿಲಿಮೀಟರಿಗಿಂತ ದೊಡ್ಡವು. ಕೆಲವಕ್ಕೆ ಕತ್ತೇ ಇರುವುದಿಲ್ಲ. ಕೆಲವದರ ಹೊಟ್ಟೆಯಿಂದಲೇ ಮುಖ್ಯ ಕವಲು ಹೊರಟಿರುತ್ತದೆ. ನಾಲೆ ದುರಸ್ತಿಗೆ ನೀರು ನಿಲ್ಲಿಸಬೇಕಾದರೆ, ಕೆಳಗಿನ ಗದ್ದೆ ಒಣಗದಂತೆ ಮೊದಲು ಬದಲಿ ಕಾಲುವೆ ತೋಡಬೇಕಲ್ಲವೇ? ಇಲ್ಲಿಯೂ ಹಾಗೆಯೇ. ನೆತ್ತಿಯ ಚರ್ಮದ ನಾಳವೊಂದನ್ನು ಕೂದಲಿಗಿಂತ ತೆಳುವಾದ ದಾರದಿಂದ ಮಿದುಳಿನ ನಾಳಕ್ಕೆ ಹೊಲಿಯುತ್ತಾರೆ. ಆಮೇಲೆ ಉಬ್ಬಿನ ದಾರಿ ಮುಚ್ಚುತ್ತಾರೆ. ತಲೆ ತೆರೆಯದೆ, ನಾಳದೊಳಗಿಂದಲೇ ತಂತಿಯ ಸುರುಳಿ ತುಂಬುವ ವಿಧಾನ 1990ರಲ್ಲಿ ಬಂತು. ಅಲ್ಲಿಂದೀಚೆಗೆ ಹಲವು ಉಬ್ಬುಗಳು ಆ ವಿಧಾನಕ್ಕೆ ಹೋದವು; ಶಸ್ತ್ರವೈದ್ಯರ ಪಾಲಿಗೆ ಉಳಿದವುಗಳಲ್ಲಿ ಕಠಿಣವಾದವೇ ಹೆಚ್ಚು.

ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು ವೆಲ್ಲೂರಿನಲ್ಲಿ 1949ರಲ್ಲಿ ಡಾ. ಜೇಕಬ್ ಚಾಂಡಿ ಆರಂಭಿಸಿದರು. ಬೆಂಗಳೂರಿನಲ್ಲಿ ಡಾ. ಆರ್. ಮಾರ್ತಾಂಡ ವರ್ಮ 1958ರಲ್ಲಿ ಕಟ್ಟಿದ ವಿಭಾಗ ಇಂದು ನಿಮ್ಹಾನ್ಸ್‌ನಲ್ಲಿದೆ. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರೂ ಅವರೇ. ಕ್ಲಿಪ್, ಸುರುಳಿ ಎರಡೂ ಚಿಕಿತ್ಸೆಗಳು ಅಲ್ಲಿ ದೊರೆಯುತ್ತವೆ. ಮಳವಳ್ಳಿ, ಹಲಗೂರು, ಕನಕಪುರ ದಾಟಿದರೆ ಬೆಂಗಳೂರು.

ಆದರೆ ಇಷ್ಟೆಲ್ಲ ವಿದ್ಯೆ ಫಲ ಕೊಡುವುದು ರೋಗಿ ಹೊತ್ತಿಗೆ ಸರಿಯಾಗಿ ತಲುಪಿದರೆ ಮಾತ್ರ. ಒಮ್ಮೆ ಒಡೆದ ಉಬ್ಬು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಹೆಚ್ಚು. ಹಿಂದೆಂದೂ ಕಾಣದ ತಲೆನೋವು ಸಿಡಿಲಿನಂತೆ ಬಂದರೆ, ಜೊತೆಗೆ ವಾಂತಿ, ಕತ್ತು ಬಿಗಿತ, ಪ್ರಜ್ಞೆ ತಪ್ಪುವುದು ಕಂಡರೆ, ಮಾತ್ರೆ ನುಂಗಿಸಿ ಮಲಗಿಸಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತದೊತ್ತಡ, ಬೀಡಿ-ಸಿಗರೇಟು ಈ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದನ್ನು ಮನೆಯ ಹಿರಿಯರಿಗೆ ಮಕ್ಕಳೇ ತಿಳಿಸಿ ಹೇಳಲಿ.